ಚಿತ್ರಸಂಗ್ರಹವನ್ನು ವಿಷಯವಾರು ಜೋಡಿಸುವ ಕ್ರಮಗಳು: ಯಾವುದು ಯಾರಿಗೆ ಹೊಂದುತ್ತದೆ?

ತುಮಕೂರಿನ ಒಂದು ಕಾಲೇಜಿನ ಚಿತ್ರಕಲಾ ವಿಭಾಗದವರು, ಕೋಲಾರದಲ್ಲಿ ಅಜ್ಜನ ಕಾಲದ ಚಿತ್ರಗಳನ್ನು ಜೋಪಾನವಾಗಿ ಉಳಿಸಿಕೊಂಡಿರುವ ಒಂದು ಮನೆಯವರು, ಚಿಂತಾಮಣಿಯ ಕಡೆ ತೊಗಲುಗೊಂಬೆಗಳನ್ನು ಒಟ್ಟುಮಾಡಿರುವ ಒಂದು ಸಣ್ಣ ಟ್ರಸ್ಟಿನವರು, ಈ ಮೂವರೂ ಈಚೆಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಸಂಶೋಧಕರಿಗೆ ಉಪಯೋಗವಾಗುವಂತೆ ಸಂಗ್ರಹವನ್ನು ವಿಷಯವಾರು ಜೋಡಿಸಬೇಕೆಂದಿದ್ದೇವೆ, ಒಬ್ಬೊಬ್ಬರು ಒಂದೊಂದು ಪದ್ಧತಿಯನ್ನು ಹೇಳುತ್ತಾರೆ, ನಾವು ಯಾವುದನ್ನು ಹಿಡಿಯೋಣ ಎಂಬುದು ಆ ಪ್ರಶ್ನೆ. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆಯಾಗಿತ್ತು. ಗ್ರಂಥಪಾಲಕನಾಗಿ ನಿವೃತ್ತನಾದ ಮೇಲೆ ಇಂಥ ಸಂಗ್ರಹಗಳಿಗೆ ಪಟ್ಟಿ ಮಾಡಿಕೊಡುವುದೇ ನನ್ನ ಕೆಲಸವಾಗಿರುವುದರಿಂದ, ಉತ್ತರ ಏಕೆ ಬೇರೆಯಾಯಿತೆಂಬುದನ್ನು ಇದೇ ಇಕ್ಕಟ್ಟಿನಲ್ಲಿರುವ ಉಳಿದವರಿಗೂ ತಿಳಿಯುವಂತೆ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಸುಮಾರು 600 ಕೃತಿಗಳ ಒಂದು ಸಂಗ್ರಹಕ್ಕೆ ಮೊದಲ ಸಲ ಕೈಹಾಕಿದಾಗ ನಾನು 12 ಪೆಟ್ಟಿಗೆ ತರಿಸಿ, ರಾಮಾಯಣ, ಕೃಷ್ಣಲೀಲೆ, ದಶಾವತಾರ, ಶೈವ, ಊರುಕೇರಿ, ವ್ಯಕ್ತಿಚಿತ್ರ ಎಂದೆಲ್ಲ ಚೀಟಿ ಅಂಟಿಸಿ ಹಂಚಿಬಿಟ್ಟೆ. ನೋಡುವುದಕ್ಕೆ ಬಹಳ ಅಚ್ಚುಕಟ್ಟಾಗಿತ್ತು. ಎರಡು ವರ್ಷದ ಮೇಲೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದು, ಬಯಲುಸೀಮೆಯಲ್ಲಿ ನೀರೆತ್ತುತ್ತಿದ್ದ ಹಳೆಯ ಸಾಧನಗಳು, ಅಂದರೆ ಯಾತ, ಕಪಿಲೆ, ರಾಟೆ ಮೊದಲಾದವು ಯಾವುದಾದರೂ ಚಿತ್ರದಲ್ಲಿ ಇವೆಯೇ ಎಂದು ಕೇಳಿದರು. ಊರುಕೇರಿಯ ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಅದರಲ್ಲಿ ಒಂದೂ ಇರಲಿಲ್ಲ. ಸಂಜೆ ಅವರು ಹೊರಡುವ ಹೊತ್ತಿಗೆ ಬೇರೇನನ್ನೋ ಹುಡುಕುತ್ತ ಕೃಷ್ಣಲೀಲೆಯ ಪೆಟ್ಟಿಗೆಯನ್ನು ತೆರೆದಾಗ, ಒಂದು ಗಾಜಿನ ಚಿತ್ರದಲ್ಲಿ ಬೆಣ್ಣೆ ಕದಿಯುವ ಕೃಷ್ಣನ ಹಿಂದುಗಡೆ, ಕಿಟಕಿಯಾಚೆ, ಹೆಬ್ಬೆರಳಗಲದ ಜಾಗದಲ್ಲಿ ಒಂದು ಕಪಿಲೆ ಬಾವಿಯೇ ಇತ್ತು: ಇಳಿಜಾರಿನಲ್ಲಿ ಕೆಳಕ್ಕೆ ನಡೆಯುವ ಜೋಡೆತ್ತು, ಬಿಗಿದ ಮಿಣಿ, ಮೇಲೆ ಬಂದು ನೀರು ಸುರಿಯುತ್ತಿರುವ ಚರ್ಮದ ಚೀಲ. ಆ ಚಿತ್ರವನ್ನು ಕೃಷ್ಣನಿಗೆ ಸೇರಿಸಿದ್ದು ತಪ್ಪಲ್ಲ, ಕೃಷ್ಣನಿಗೆ ಮಾತ್ರ ಸೇರಿಸಿದ್ದು ತಪ್ಪು.

ಹಾಗಾಗಿ ಪದ್ಧತಿಗಳನ್ನು ಹೋಲಿಸುವ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳಬೇಕು. ಮೊದಲನೆಯದು, ಕೇಳುವವರು ಯಾವ ಹಂತದಲ್ಲಿ ಕೇಳುತ್ತಾರೆ ಎಂಬುದು. ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ 1939ರಲ್ಲಿ ಚಿತ್ರದ ಅರ್ಥವನ್ನು ಮೂರು ಪದರಗಳಾಗಿ ಬಿಡಿಸಿ ತೋರಿಸಿದ. ಕಣ್ಣಿಗೆ ಕಾಣುವ ವಸ್ತುಗಳು ಮೊದಲನೆಯ ಪದರ, ಅವುಗಳಿಂದ ಗುರುತು ಸಿಗುವ ಕಥೆ ಅಥವಾ ದೇವತೆ ಎರಡನೆಯದು, ಆ ಕಾಲದ ಬದುಕು ಮತ್ತು ನಂಬಿಕೆಯ ಹಿನ್ನೆಲೆಯಲ್ಲಿ ಹೊಳೆಯುವ ಒಳಾರ್ಥ ಮೂರನೆಯದು. ನನ್ನ ಗಾಜಿನ ಚಿತ್ರದಲ್ಲಿ ಮಗು, ಗಡಿಗೆ, ಎತ್ತು, ಬಾವಿ ಮೊದಲ ಪದರಕ್ಕೆ ಸೇರಿದರೆ ನವನೀತಚೋರ ಎರಡನೆಯದಕ್ಕೆ ಸೇರುತ್ತಾನೆ, ದೇವರ ಮನೆಗೆಂದು ಗಾಜಿನ ಚಿತ್ರಗಳನ್ನು ಕೊಳ್ಳುತ್ತಿದ್ದ ಸಂಸಾರಗಳ ಭಕ್ತಿ ಮತ್ತು ಅಭಿರುಚಿ ಮೂರನೆಯದು. ಮೂರನೆಯ ಪದರವನ್ನು ಸಂಶೋಧಕರಿಗೇ ಬಿಟ್ಟುಬಿಡುವುದು ಒಳ್ಳೆಯದು, ಪಟ್ಟಿ ಮಾಡುವವರ ಹೊಣೆ ಮೊದಲೆರಡು ಪದರಗಳದ್ದು.

ಒಂದು ಕೃತಿಗೆ ಎಷ್ಟು ಬಾಗಿಲುಗಳಿಂದ ಬರಬಹುದು ಎಂಬುದು ಎರಡನೆಯ ಅಳತೆ. ಇಬ್ಬರು ಬೇರೆ ಬೇರೆ ಕೂತು ಅದೇ ಕೃತಿಗೆ ವಿಷಯಪದ ಕೊಟ್ಟರೆ ಅವರ ಪದಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದು ಮೂರನೆಯದು, ಏಕೆಂದರೆ ಪಟ್ಟಿ ಮಾಡಿದವರು ವರ್ಗವಾಗಿ ಹೋದ ಮೇಲೂ ಅದು ನಡೆಯಬೇಕು. ಪದ್ಧತಿ ಕನ್ನಡದಲ್ಲಿ ಒಗ್ಗುತ್ತದೆಯೇ, ಹೊರಗಿನ ಸಂಗ್ರಹಗಳ ಜೊತೆಗೂ ಕೂಡಿಕೊಳ್ಳುತ್ತದೆಯೇ ಎಂಬ ಎರಡು ಪ್ರಶ್ನೆಗಳು ಸಾಮಾನ್ಯವಾಗಿ ಒಂದಕ್ಕೊಂದು ಎದುರು ನಿಲ್ಲುತ್ತವೆ. ಕೊನೆಗೆ ಹಣ ಮತ್ತು ಸಮಯ, ಅದರಲ್ಲೂ ಸಮಯ. ಒಂದು ಕೃತಿಗೆ 10 ನಿಮಿಷವೆಂದರೆ 600 ಕೃತಿಗಳಿಗೆ 100 ಗಂಟೆ ಬೇಕು, 25 ನಿಮಿಷವೆಂದರೆ 250 ಗಂಟೆ. ವಾರಕ್ಕೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳುವ ಅಧ್ಯಾಪಕರಿಗೆ ಇವೆರಡರ ನಡುವಿನ ಅಂತರ ಸುಮಾರು ಒಂದು ವರ್ಷದಷ್ಟಾಗುತ್ತದೆ.

ಕಲಾವಿದರ ಹೆಸರು ಮತ್ತು ಕಾಲವನ್ನು ಹಿಡಿದು ಜೋಡಿಸುವ ಹಳೆಯ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕೆ. ವೆಂಕಟಪ್ಪನವರಂತೆ (1886-1965) ಬದುಕು ಮತ್ತು ಕೃತಿಗಳೆರಡೂ ದಾಖಲಾಗಿರುವ ಕಲಾವಿದರ ಸಂಗ್ರಹಕ್ಕೆ ಅದು ಸಲ್ಲುತ್ತದೆ. ನಮ್ಮ ಮೂರು ಜಿಲ್ಲೆಗಳ ಮನೆ, ಮಠ, ಶಾಲೆಗಳಲ್ಲಿ ಸಿಗುವ ಚಿತ್ರಗಳಲ್ಲಿ ಬಹುಪಾಲಿಗೆ ಸಹಿಯೂ ಇಲ್ಲ, ಇಸವಿಯೂ ಇಲ್ಲ. ತಿಳಿದಿದ್ದರೆ ಬರೆದಿಡಿ, ಆದರೆ ಅದನ್ನೇ ಬೆನ್ನೆಲುಬು ಮಾಡಿಕೊಳ್ಳಬೇಡಿ.

ವಿಷಯಕ್ಕೊಂದು ಪೆಟ್ಟಿಗೆ ಎಂಬ ಎರಡನೆಯ ಕ್ರಮದ ಕಥೆಯನ್ನು ಆಗಲೇ ಹೇಳಿದ್ದೇನೆ. ಖರ್ಚಿಲ್ಲ, ಎರಡು ದಿನದಲ್ಲಿ ಮುಗಿಯುತ್ತದೆ, ಶಾಲೆಯ ಮಕ್ಕಳು ಬಂದರೆ ಒಂದು ಪೆಟ್ಟಿಗೆ ತೆರೆದು ತೋರಿಸಬಹುದು, ದಸರೆಗೆ ಪ್ರದರ್ಶನ ಮಾಡುವವರಿಗೆ ಅನುಕೂಲ. ಆದರೆ ಪ್ರತಿ ಕೃತಿಗೂ ಇದು ಒಂದೇ ಬಾಗಿಲನ್ನು ಕೊಡುತ್ತದೆ. ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿರುವ ಸೀಬಿಯ ನರಸಿಂಹ ದೇವಾಲಯದ ಛಾವಣಿಯಲ್ಲಿ ರಾಮಾಯಣ, ಮಹಾಭಾರತಗಳ ಕಥೆಗಳೂ ಇವೆ, ಹೈದರ್ ಅಲಿಯ ದರ್ಬಾರಿನ ದೃಶ್ಯವೂ ಇದೆ. ಅಲ್ಲಿ ತೆಗೆದ ಫೋಟೋಗಳನ್ನು ದೇವಾಲಯ ಎಂಬ ಪೆಟ್ಟಿಗೆಗೆ ಹಾಕಿದರೆ ಹದಿನೆಂಟನೆಯ ಶತಮಾನದ ಉಡುಪನ್ನು ಅಧ್ಯಯನ ಮಾಡುವವರಿಗೆ ಆ ದರ್ಬಾರು ಸಿಗುವುದಿಲ್ಲ. ಇತಿಹಾಸ ಎಂಬ ಪೆಟ್ಟಿಗೆಗೆ ಹಾಕಿದರೆ ಭಿತ್ತಿಚಿತ್ರಗಳನ್ನು ಅರಸಿ ಬಂದವರಿಗೆ ಸಿಗುವುದಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಛಾವಣಿಯಲ್ಲಿ ನಟರಾಜನ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಅದರ ರೇಖಾಚಿತ್ರವನ್ನು ಶೈವ ಪೆಟ್ಟಿಗೆಯಲ್ಲಿಟ್ಟರೆ ವರುಣನನ್ನು ಹುಡುಕುವವರು ಎಲ್ಲಿಗೆ ಹೋಗಬೇಕು?

ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ವಿಷಯದ ಪ್ರಕಾರ ವಸ್ತುಗಳನ್ನೇ ಜೋಡಿಸಿದರೆ ಗಾಜು, ತೊಗಲು, ಕಾಗದ ಒಂದೇ ಪೆಟ್ಟಿಗೆಗೆ ಬೀಳುತ್ತವೆ, ಕಾಗದ ಮುದುಡುತ್ತದೆ, ಗಾಜು ಬಿರುಕು ಬಿಡುತ್ತದೆ. ಆದ್ದರಿಂದ ಯಾವ ಪದ್ಧತಿಯನ್ನು ಆರಿಸಿದರೂ ವಸ್ತುಗಳು ಮಾಧ್ಯಮ ಮತ್ತು ಅಳತೆಗೆ ತಕ್ಕಂತೆ ಕ್ರಮಸಂಖ್ಯೆಯಲ್ಲೇ ಕೂರಲಿ, ವಿಷಯವಾರು ವಿಂಗಡಣೆ ದಾಖಲೆಯಲ್ಲಿ ಮಾತ್ರ ನಡೆಯಲಿ. ಇದೊಂದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಮೂರನೆಯ ಕ್ರಮ ಐಕಾನ್‌ಕ್ಲಾಸ್. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಹೆನ್ರಿ ವಾನ್ ಡಿ ವಾಲ್ ರೂಪಿಸಿದ ಈ ವರ್ಗೀಕರಣ ಚಿತ್ರಗಳ ವಿಷಯಕ್ಕೆಂದೇ ಇರುವ ಪದ್ಧತಿಗಳಲ್ಲಿ ಅತ್ಯಂತ ವಿಸ್ತಾರವಾದದ್ದು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಮುಖ್ಯ ವಿಭಾಗಗಳು, ಅವುಗಳ ಕೆಳಗೆ ಸುಮಾರು 28,000 ವಿಷಯಗಳು, ಪ್ರತಿಯೊಂದಕ್ಕೂ ಅಂಕಿ ಮತ್ತು ಅಕ್ಷರಗಳ ಒಂದು ಸಂಕೇತ. 34ಬಿ11 ಎಂದರೆ ಪ್ರಪಂಚದ ಯಾವ ಮೂಲೆಯ ಮ್ಯೂಸಿಯಂನಲ್ಲೇ ಆಗಲಿ ನಾಯಿ ಎಂದೇ ಅರ್ಥ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಂಥ ದೊಡ್ಡ ಸಂಸ್ಥೆಗಳು ಇದನ್ನು ಬಳಸುತ್ತವೆ, ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಇಬ್ಬರ ಪದಗಳು ಹೊಂದಬೇಕೆಂಬ ಅಳತೆಯಲ್ಲೂ ಹೊರಗಿನವರೊಂದಿಗೆ ಕೂಡಿಕೊಳ್ಳುವ ಅಳತೆಯಲ್ಲೂ ಇದಕ್ಕೆ ಸಮನಾದದ್ದಿಲ್ಲ.

ತೊಂದರೆ ಇರುವುದು ಅದರ ಪಾಯದಲ್ಲಿ. ಹತ್ತು ಮುಖ್ಯ ವಿಭಾಗಗಳಲ್ಲಿ ಏಳನೆಯದು ಪೂರ್ತಿಯಾಗಿ ಬೈಬಲ್ಲಿಗೆ, ಒಂಬತ್ತನೆಯದು ಪೂರ್ತಿಯಾಗಿ ಗ್ರೀಕ್ ಮತ್ತು ರೋಮನ್ ಪುರಾಣಕ್ಕೆ ಹಾಗೂ ಪ್ರಾಚೀನ ಇತಿಹಾಸಕ್ಕೆ ಮೀಸಲಾಗಿವೆ. ನಮ್ಮ ದೇವರುಗಳೆಲ್ಲ ಒಂದನೆಯ ವಿಭಾಗದೊಳಗೆ, ಕ್ರೈಸ್ತೇತರ ಧರ್ಮಗಳು ಎಂಬ 12ನೆಯ ಉಪವಿಭಾಗದಲ್ಲಿ ಒತ್ತೊತ್ತಾಗಿ ಕೂರಬೇಕು. ಯೂರೋಪಿನ ಚಿತ್ರಗಳನ್ನು ಕಣ್ಣಮುಂದಿಟ್ಟುಕೊಂಡು ಕಟ್ಟಿದ ಮನೆಯಾದ್ದರಿಂದ ಇದು ಅದರ ದೋಷವಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಪೌರಾಣಿಕ ಚಿತ್ರಗಳೇ ಇರುವ ಸಂಗ್ರಹಕ್ಕೆ ಬಹಳ ಇಕ್ಕಟ್ಟು. ಪ್ರಾಣಿ, ಗಿಡಮರ, ಕಸುಬು, ಉಪಕರಣಗಳ ವಿಷಯದಲ್ಲಿ ಮಾತ್ರ ಅದು ನಮಗೂ ಚೆನ್ನಾಗಿ ಒದಗುತ್ತದೆ. ನನ್ನ ಅನುಭವದಲ್ಲಿ ಒಂದು ಕೃತಿಗೆ ಸಂಕೇತ ಹುಡುಕುವುದಕ್ಕೆ 25 ನಿಮಿಷ ಸಾಲುವುದಿಲ್ಲ. ಅಮೆರಿಕದ ಗೆಟ್ಟಿ ಸಂಸ್ಥೆಯ ಕಲೆ ಮತ್ತು ವಾಸ್ತುಶಿಲ್ಪ ಪದಕೋಶವನ್ನು ಹಲವರು ಇದರ ಜೊತೆಗೆ ಗೊಂದಲ ಮಾಡಿಕೊಳ್ಳುತ್ತಾರೆ. ಅದು ಮುಖ್ಯವಾಗಿ ವಸ್ತು, ಮಾಧ್ಯಮ, ತಂತ್ರ, ಶೈಲಿಗಳನ್ನು ಹೆಸರಿಸುವುದಕ್ಕಾಗಿ ಇರುವಂಥದ್ದು, ಚಿತ್ರದಲ್ಲಿ ಯಾವ ಕಥೆಯಿದೆ ಎಂಬುದನ್ನು ಹೇಳುವುದಕ್ಕಲ್ಲ.

ನಾಲ್ಕನೆಯದು ಸ್ವಂತ ಪದಪಟ್ಟಿ, ಆದರೆ ಮನಸ್ಸಿಗೆ ಬಂದ ಪದಗಳ ಪಟ್ಟಿಯಲ್ಲ, ಮುಖಗಳಾಗಿ ಒಡೆದ ಪಟ್ಟಿ. ಈ ದಾರಿಯನ್ನು ತೋರಿಸಿದವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್. 1933ರಲ್ಲಿ ಮೊದಲು ಪ್ರಕಟವಾಗಿ ಮುಂದೆ ಪರಿಷ್ಕಾರಗೊಳ್ಳುತ್ತ ಬಂದ ಅವರ ಕೋಲನ್ ವರ್ಗೀಕರಣ ಪುಸ್ತಕವನ್ನು ಒಂದೇ ಗೂಡಿಗೆ ತಳ್ಳದೆ, ಅದರ ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ನೋಡಿತು. ಪುಸ್ತಕವಾದರೂ ಕೊನೆಗೆ ಒಂದೇ ಕಪಾಟಿನಲ್ಲಿ ನಿಲ್ಲಬೇಕು, ಚಿತ್ರದ ದಾಖಲೆಗೆ ಆ ಕಟ್ಟೂ ಇಲ್ಲ. ನಾನು ಬಳಸುವ ಮುಖಗಳು ಇವು: ಚಿತ್ರದಲ್ಲಿ ಯಾರಿದ್ದಾರೆ, ಯಾವ ವಸ್ತು, ಪ್ರಾಣಿ, ಸಸ್ಯಗಳಿವೆ, ಏನು ನಡೆಯುತ್ತಿದೆ, ಯಾವ ಕಥೆ, ಯಾವ ಸ್ಥಳ, ಯಾವ ಕಾಲ. ಗಾಜಿನ ಚಿತ್ರ ಹೀಗೆ ಕೃಷ್ಣ ಎಂಬಲ್ಲಿಯೂ ಸಿಗುತ್ತದೆ, ಕಪಿಲೆ ಎಂಬಲ್ಲಿಯೂ ಸಿಗುತ್ತದೆ, ಎರಡನ್ನೂ ಕೂಡಿಸಿ ಕೇಳಿದರೆ ಅದೊಂದೇ ಸಿಗುತ್ತದೆ.

ಈ ಕ್ರಮದ ಬಲವೂ ಅಪಾಯವೂ ಪದಗಳ ಶಿಸ್ತಿನಲ್ಲಿವೆ. ಗಣಪತಿ, ವಿನಾಯಕ, ಬೆನಕ, ಗಣೇಶ ಇವುಗಳಲ್ಲಿ ಒಂದನ್ನು ಆರಿಸಿ, ಉಳಿದವುಗಳ ಮುಂದೆ ‘ಗಣೇಶ ನೋಡಿ’ ಎಂದು ಬರೆದಿಡಬೇಕು. ಕೋಲಾರದ ಕಡೆ ತೆಲುಗು ಹೆಸರುಗಳೂ ಸೇರಿಕೊಳ್ಳುತ್ತವೆ, ಚಿತ್ರದ ಹಿಂದೆ ‘ಚೆರುವು’ ಎಂದಿದ್ದರೆ ಅದನ್ನು ಹಾಗೆಯೇ ನಕಲು ಮಾಡಿಕೊಂಡು ವಿಷಯಪದದಲ್ಲಿ ‘ಕೆರೆ’ ಎಂದು ಬರೆಯಬೇಕು. 600 ಕೃತಿಗಳಿಗೆ 200 ಪದಗಳು ಧಾರಾಳವಾಗಿ ಸಾಕು, ಅದಕ್ಕಿಂತ ಹೆಚ್ಚಾದರೆ ಯಾರೋ ಪಟ್ಟಿ ನೋಡದೆ ಪದ ಹುಟ್ಟಿಸುತ್ತಿದ್ದಾರೆಂದೇ ಅರ್ಥ.

ಸ್ಥಳದ ಮುಖವೊಂದೇ ಒಂದು ಸಂಜೆಯ ಚರ್ಚೆಗೆ ಸಾಕಾಗುತ್ತದೆ. ಚಿತ್ರ ತೋರಿಸುವ ಸ್ಥಳ, ಚಿತ್ರ ಬರೆದ ಸ್ಥಳ, ಚಿತ್ರ ಸಿಕ್ಕಿದ ಸ್ಥಳ ಮೂರೂ ಬೇರೆ ಬೇರೆ, ಮೂರಕ್ಕೂ ಬೇರೆ ಬೇರೆ ಕಲಂ ಬೇಕು. ಮುಳಬಾಗಿಲು ತಾಲ್ಲೂಕಿನ ಆವನಿಯನ್ನು ಜನ ವಾಲ್ಮೀಕಿಯ ಆಶ್ರಮವಿದ್ದ, ಲವಕುಶರು ಹುಟ್ಟಿದ ಊರೆಂದು ನಂಬುತ್ತಾರೆ. ಹಾಗೆಂದು ಲವಕುಶರ ಪ್ರತಿಯೊಂದು ಚಿತ್ರಕ್ಕೂ ಆವನಿ ಎಂದು ಬರೆದರೆ ಆವನಿಯ ಬೆಟ್ಟವನ್ನೇ ಕಂಡು ಬರೆದ ಚಿತ್ರವನ್ನು ಹುಡುಕುವವರು ಕಂಗೆಡುತ್ತಾರೆ. ಜಿಲ್ಲೆಯ ಹೆಸರಿನಲ್ಲಿಯೂ ಎಚ್ಚರ ಬೇಕು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ನಂದಿ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲವೂ ಕೋಲಾರ ಜಿಲ್ಲೆ. ನಂದಿಬೆಟ್ಟದ ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದ ಕಾಲದಿಂದ ಇಂಗ್ಲಿಷರ ಚಿತ್ರಗಳಲ್ಲಿ ಅದು ‘ನಂದಿದ್ರೂಗ್’ ಎಂದಾಗಿರುತ್ತದೆ. ಅದನ್ನು ನಂದಿಬೆಟ್ಟಕ್ಕೆ ಕೊಂಡಿ ಹಾಕದಿದ್ದರೆ ಅರ್ಧ ಸಂಗ್ರಹ ಕಣ್ಮರೆಯಾದಂತೆ.

ಇದಕ್ಕೆ ತಗಲುವ ಸಮಯ ಕೃತಿಗೆ 10ರಿಂದ 12 ನಿಮಿಷ, ಆದರೆ ಅದಕ್ಕೆ ಮೊದಲು ಪಟ್ಟಿಯನ್ನು ಕಟ್ಟುವುದಕ್ಕೇ ಒಂದು ತಿಂಗಳಾದರೂ ಬೇಕು. ಹೊರಗಿನವರೊಂದಿಗೆ ಕೂಡಿಕೊಳ್ಳುವುದರಲ್ಲಿ ಇದು ಹಿಂದೆ ಬೀಳುತ್ತದೆ. ಅದಕ್ಕೆ ನಾನು ಮಾಡಿಕೊಂಡಿರುವ ರಾಜಿ ಎಂದರೆ, ಕೃತಿಗಳಿಗಲ್ಲ, ಪದಪಟ್ಟಿಯ 200 ಪದಗಳಿಗೆ ಮಾತ್ರ, ಎಲ್ಲೆಲ್ಲಿ ಹೊಂದುತ್ತದೋ ಅಲ್ಲೆಲ್ಲ ಐಕಾನ್‌ಕ್ಲಾಸ್ ಸಂಕೇತವನ್ನು ಒಮ್ಮೆ ಬರೆದಿಡುವುದು. ನಾಯಿ ಎಂಬ ಪದದ ಪಕ್ಕದಲ್ಲಿ ಸಂಕೇತವಿದ್ದರೆ ನಾಯಿಯಿರುವ ಚಿತ್ರಗಳೆಲ್ಲಕ್ಕೂ ಅದು ತಾನಾಗಿಯೇ ಸಲ್ಲುತ್ತದೆ.

ಐದನೆಯದು ನೋಡುಗರಿಂದಲೇ ಪದಗಳನ್ನು ಕೇಳಿ ಪಡೆಯುವ ಕ್ರಮ. ಅಮೆರಿಕದ ಕೆಲವು ಮ್ಯೂಸಿಯಂಗಳು ಸೇರಿ ಸ್ಟೀವ್ ಎಂಬ ಹೆಸರಿನಲ್ಲಿ ಇದನ್ನು ಪರೀಕ್ಷಿಸಿದಾಗ, ಸಾರ್ವಜನಿಕರು ಕೊಟ್ಟ ಪದಗಳಲ್ಲಿ ಹೆಚ್ಚಿನವು ಮ್ಯೂಸಿಯಂಗಳ ಸ್ವಂತ ದಾಖಲೆಯಲ್ಲಿ ಇರಲೇ ಇಲ್ಲವೆಂದು ಕಂಡುಬಂತು. ನನ್ನ ಕಪಿಲೆಯನ್ನು ರೈತರ ಮನೆಯ ಒಬ್ಬ ವಿದ್ಯಾರ್ಥಿ ನೋಡಿದ್ದರೆ ಮೊದಲ ದಿನವೇ ಹೇಳುತ್ತಿದ್ದ. ಆದರೆ ಇಬ್ಬರ ಪದಗಳು ಹೊಂದಬೇಕೆಂಬ ಅಳತೆಯಲ್ಲಿ ಇದು ಪೂರ್ತಿ ಸೋಲುತ್ತದೆ, ಆದ್ದರಿಂದ ಬಂದ ಪದಗಳನ್ನು ಬೇರೆ ಕಲಂನಲ್ಲಿ ಇಟ್ಟುಕೊಂಡು ಆಗಾಗ ಸೋಸಿ ಪಟ್ಟಿಗೆ ಸೇರಿಸಬೇಕು. ಯಂತ್ರದಿಂದಲೇ ಚಿತ್ರಗಳಿಗೆ ಪದ ಕೊಡಿಸುವ ತಂತ್ರಾಂಶವನ್ನೂ ಒಮ್ಮೆ ಪ್ರಯೋಗಿಸಿದೆ. ಮೈಸೂರು ಶೈಲಿಯ ರಾಜರಾಜೇಶ್ವರಿಗೆ ಅದು ‘ಹೆಂಗಸು, ಒಡವೆ, ಕುರ್ಚಿ’ ಎಂದಿತು. ಮೊದಲ ಪದರದ ಮಟ್ಟಿಗೆ ತಪ್ಪೇನೂ ಇಲ್ಲ, ಎರಡನೆಯ ಪದರದ ಸುಳಿವೇ ಅದಕ್ಕೆ ಇರಲಿಲ್ಲ.

ಸಲಕರಣೆಯ ಮಾತು. ಗಟ್ಟಿ ರಟ್ಟಿನ ಒಂದು ರಿಜಿಸ್ಟರು ಎಲ್ಲರಿಗೂ ಬೇಕೇ ಬೇಕು, ವಿದ್ಯುತ್ತು ಹೋದರೂ ಅದು ಉಳಿದಿರುತ್ತದೆ. 1,000 ಕೃತಿಗಳವರೆಗೆ ಎಕ್ಸೆಲ್ ಅಥವಾ ಉಚಿತವಾದ ಲಿಬ್ರೆಆಫೀಸಿನ ಹಾಳೆ ಸಾಕು. ಅದಕ್ಕಿಂತ ಹೆಚ್ಚಾದರೆ, ಇಲ್ಲವೆ ದೂರದ ಸಂಶೋಧಕರೂ ನೋಡಬೇಕೆಂದಿದ್ದರೆ, ಉಚಿತ ತಂತ್ರಾಂಶವಾದ ಒಮೇಕಾ ಹೊಂದುತ್ತದೆ. ಡಬ್ಲಿನ್ ಕೋರ್ ಎಂಬ 15 ಕಲಂಗಳ ಅಂತರರಾಷ್ಟ್ರೀಯ ಮಾದರಿ ಅದರಲ್ಲೇ ಇದೆ, ಆದರೆ ಜಾಲತಾಣದ ಬಾಡಿಗೆಯನ್ನು ವರ್ಷವರ್ಷವೂ ಕಟ್ಟುವವರು ಯಾರೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಭಾರತದಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷದವರೆಗೆ ಚಿತ್ರದ ಹಕ್ಕುಸ್ವಾಮ್ಯ ಉಳಿದಿರುತ್ತದೆ, ಅಂಥ ಕೃತಿಗಳ ದಾಖಲೆಯನ್ನಷ್ಟೇ ಜಾಲಕ್ಕೆ ಹಾಕಿ ಚಿತ್ರವನ್ನು ತಡೆಹಿಡಿಯಬಹುದು.

ಕನ್ನಡದಲ್ಲಿ ಹುಡುಕುವವರಿಗೆ ಎರಡು ಗುಂಡಿಗಳಿವೆ, ನಾನು ಎರಡರಲ್ಲಿಯೂ ಬಿದ್ದಿದ್ದೇನೆ. ಮೊದಲ 200 ದಾಖಲೆಗಳನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿದ್ದರಿಂದ, ಪರದೆಯ ಮೇಲೆ ಕನ್ನಡ ಮುದ್ದಾಗಿ ಕಂಡರೂ ಹುಡುಕಿದರೆ ಒಂದೂ ಸಿಗದೆ ಎಲ್ಲವನ್ನೂ ಮತ್ತೆ ಟೈಪು ಮಾಡಿಸಬೇಕಾಯಿತು. ಇನ್ನೊಂದು, ಎಲ್ಲ ಪದಗಳನ್ನೂ ಒಂದೇ ಕಲಂನಲ್ಲಿ ಒಟ್ಟಿಗೆ ಬರೆದದ್ದು. ‘ಮರ’ ಎಂದು ಹುಡುಕಿದರೆ ಸಮರ, ಅಮರ, ಚಾಮರ ಎಲ್ಲವೂ ಬಂದು ನಿಲ್ಲುತ್ತವೆ, ‘ಕೋಲಾರ’ ಎಂದರೆ ಕೋಲಾರಮ್ಮನ ಚಿತ್ರಗಳೆಲ್ಲ ಬರುತ್ತವೆ. ಮುಖಕ್ಕೊಂದು ಕಲಂ ಮಾಡಿ, ಪದಗಳನ್ನು ವಿಭಕ್ತಿ ಪ್ರತ್ಯಯವಿಲ್ಲದೆ ಬರೆದು, ಪೂರ್ತಿ ಪದ ಹೊಂದಿದರೆ ಮಾತ್ರ ತೋರಿಸುವಂತೆ ಮಾಡಿದ ಮೇಲೆ ಈ ಕಾಟ ನಿಂತಿತು.

ಇನ್ನು ಆ ಮೂವರಿಗೆ ಕೊಟ್ಟ ಉತ್ತರಗಳು. ತುಮಕೂರಿನ ಕಾಲೇಜಿಗೆ ಮುಖಗಳಾಗಿ ಒಡೆದ ಸ್ವಂತ ಪದಪಟ್ಟಿ, ಅದರ ಜೊತೆಗೆ ವಿದ್ಯಾರ್ಥಿಗಳ ಪದಗಳಿಗೆ ಒಂದು ಕಲಂ ಎಂದೆ, ಏಕೆಂದರೆ ಅಲ್ಲಿ ವರ್ಷವರ್ಷವೂ ಹೊಸ ಕಣ್ಣುಗಳಿವೆ, ಪಟ್ಟಿಯನ್ನು ಕಾಯುವ ಗ್ರಂಥಪಾಲಕರೂ ಇದ್ದಾರೆ. ವಿದೇಶಿ ಸಂಗ್ರಹಗಳೊಂದಿಗೆ ಹೋಲಿಸಿ ಅಧ್ಯಯನ ಮಾಡುವ ಯೋಜನೆ ಕೈಗೆ ಬಂದರೆ ಆಗ ಪದಗಳಿಗೆ ಐಕಾನ್‌ಕ್ಲಾಸ್ ಸಂಕೇತ ಸೇರಿಸಬಹುದು, ಈಗಲೇ ಬೇಡ.

ಕೋಲಾರದ ಮನೆಯಲ್ಲಿರುವುದು ಸುಮಾರು 300 ಕೃತಿಗಳು, ರವಿವರ್ಮ ಪ್ರೆಸ್ಸಿನ ಅಚ್ಚಿನ ಚಿತ್ರಗಳು, ಗಾಜಿನ ಚಿತ್ರಗಳು, ಚಿನ್ನದ ಗಣಿಯ ಕಡೆಯ ಕೆಲವು ಫೋಟೋಗಳು. ಮನೆಯಲ್ಲಿ ಸಮಯವಿರುವುದು ಒಬ್ಬರಿಗೆ ಮಾತ್ರ. ಅವರಿಗೆ ರಿಜಿಸ್ಟರು ಮತ್ತು ಒಂದು ಹಾಳೆ, ಮೂರೇ ಮುಖಗಳು, ಅಂದರೆ ಯಾರು, ಏನು, ಎಲ್ಲಿ, ಕೃತಿಗೆ ಐದು ಪದ ಮೀರದಂತೆ. ಕಪಿಲೆಯಂಥದ್ದು ಒಂದೊಂದು ತಪ್ಪಿಹೋಗಬಹುದೆಂದು ಗೊತ್ತಿದ್ದೇ ಹೀಗೆ ಹೇಳಿದೆ, ಅರ್ಧಕ್ಕೆ ನಿಂತ ದೊಡ್ಡ ಪಟ್ಟಿಗಿಂತ ಮುಗಿದ ಚಿಕ್ಕ ಪಟ್ಟಿ ಬಂದವರ ಕೈಗೆ ಸಿಗುತ್ತದೆ. ಗಣಿಯ ಫೋಟೋಗಳಿಗೆ ಮಾತ್ರ ಹೆಚ್ಚು ಪದ ಕೊಡಿ ಎಂದೆ. 2001ರಲ್ಲಿ ಗಣಿ ಮುಚ್ಚಿತು, ಆ ಫೋಟೋಗಳಲ್ಲಿ ಕಾಣುವ ಯಂತ್ರಗಳನ್ನೂ ಜಾಗಗಳನ್ನೂ ಹೆಸರು ಹಿಡಿದು ಗುರುತಿಸಬಲ್ಲ ಹಿರಿಯರು ಈಗಿನ್ನೂ ಇದ್ದಾರೆ.

ಚಿಂತಾಮಣಿಯ ಟ್ರಸ್ಟಿನದ್ದು ಇವೆರಡಕ್ಕಿಂತ ಬೇರೆಯದೇ ಸಮಸ್ಯೆ. ತೊಗಲುಗೊಂಬೆಯೊಂದು ಇವತ್ತಿನ ಆಟದಲ್ಲಿ ಒಬ್ಬ ರಾಜನಾದರೆ ನಾಳೆಯ ಆಟದಲ್ಲಿ ಇನ್ನೊಬ್ಬ ರಾಜನಾಗಿ ಬರುತ್ತದೆ, ಆದ್ದರಿಂದ ಕಥೆ ಎಂಬ ಮುಖ ಗೊಂಬೆಗೆ ಅಂಟಿಕೊಂಡಿರುವುದಿಲ್ಲ, ಆಟಕ್ಕೆ ಅಂಟಿಕೊಂಡಿರುತ್ತದೆ. ಅವರಿಗೆ ಎರಡು ಹಾಳೆಗಳನ್ನು ಮಾಡಿಸಿದೆ. ಒಂದರಲ್ಲಿ ಗೊಂಬೆಯ ಜಾತಿ, ಅಳತೆ, ಬಣ್ಣ, ಕಿರೀಟ, ಆಯುಧ. ಇನ್ನೊಂದರಲ್ಲಿ ಪ್ರಸಂಗಗಳು, ಪ್ರತಿ ಪ್ರಸಂಗದ ಎದುರು ಯಾವ ಸಂಖ್ಯೆಯ ಗೊಂಬೆ ಯಾವ ಪಾತ್ರ ಎಂಬ ವಿವರ. ಈ ಎರಡನೆಯ ಹಾಳೆಯನ್ನು ಗೊಂಬೆ ಆಡಿಸುವ ಕುಟುಂಬದ ಒಬ್ಬ ಅಜ್ಜ ಎದುರಿಗೆ ಕೂತು, ಒಂದೊಂದು ಗೊಂಬೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹೇಳುತ್ತ ತುಂಬಿಸುತ್ತಿದ್ದಾರೆ. ಹೋದ ವಾರ ನಾನು ಹೋದಾಗ 17ನೆಯ ಗೊಂಬೆಯ ಎದುರು ಆಗಲೇ ನಾಲ್ಕು ಹೆಸರುಗಳು ಸೇರಿದ್ದವು.